ನೆರೆಯ ಊರಿಗೆ ಬರದ ನಾಡಿನ ಬುತ್ತಿ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಸೀಮೆಯಲ್ಲಿ ನಿಂತು ನೆರೆಹಾವಳಿಯ ವಿಷಯವನ್ನು ಎತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಾಯಕನಹಟ್ಟಿಗೆ ಸಮೀಪದ ಕುದಾಪುರದ ಸುತ್ತ ಕಣ್ಣು ಹಾಯುವವರೆಗೆ ಹಬ್ಬಿದ ಕಾವಲಿನ ಹುಲ್ಲುಗಾವಲು, ಅಲ್ಲಲ್ಲಿ ಕಲ್ಲುಗುಡ್ಡ, ಶೇಂಗಾ ಬೆಳೆಯುವ ಕೆಂಪು ಹೊಲ, ಕುರಿಯ ಹಿಂಡು ಇವೇ ಈ ನೆಲದ ಗುರುತುಗಳು. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸಿನ ಮಳೆ; ಅದೂ ಬಂದರೆ ಬಂತು, ಇಲ್ಲವಾದರೆ ಇಲ್ಲ. ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳು ಈ ಭಾಗದಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ಜನತೆ ಇಂದಿಗೂ ಭಕ್ತಿಯಿಂದ ಸ್ಮರಿಸುತ್ತಿರುವುದಕ್ಕೆ ಕಾರಣ, ಇಲ್ಲಿ ನೀರೆಂದರೆ ಕಾದು ಪಡೆಯಬೇಕಾದ ಪ್ರಸಾದ. ಅದು ಮನೆಗೆ ನುಗ್ಗಿ ಒಲೆಯನ್ನು ಆರಿಸೀತೆಂಬ ಕಲ್ಪನೆಯೇ ಇಲ್ಲಿಯವರಿಗೆ ಸುಲಭವಾಗಿ ಬಾರದು.

ಆದರೆ ಮಳೆಯ ನಡತೆಯನ್ನು ಹಳೆಯ ಲೆಕ್ಕದಿಂದ ಅಳೆಯುವ ಕಾಲ ಹಿಂದೆ ಸರಿದಿದೆ. ವೇದಾವತಿ ನದಿಗೆ ಅಡ್ಡಲಾಗಿ ೧೯೦೭ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು ೧೯೩೩ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಎರಡು ತಲೆಮಾರುಗಳು ಅದನ್ನು ಕೇಳಿಯೇ ತಿಳಿದಿದ್ದವು. ೮೯ ವರ್ಷಗಳ ತರುವಾಯ, ೨೦೨೨ರ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಅದು ಮತ್ತೆ ಕೋಡಿ ಬಿದ್ದಿತು. ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳಲ್ಲಿ ವರ್ಷಗಟ್ಟಲೆ ಬರಿಯ ಮರಳಾಗಿ ಮಲಗಿದ್ದ ವೇದಾವತಿ ದಂಡೆ ತುಂಬಿ ಹರಿಯಿತು. ೨೦೨೫ರ ಜನವರಿಯಲ್ಲಿ ಸಾಗರವು ಇನ್ನೊಮ್ಮೆ ತುಂಬಿತು. ಬಾಗಿನ ಅರ್ಪಿಸಿ ಸಂತೋಷಪಟ್ಟದ್ದು ಸಹಜವೇ. ಆದರೆ ನದಿಯ ಪಾತ್ರವನ್ನೇ ಮರೆತು ಮನೆ, ತೋಟ ಮಾಡಿಕೊಂಡ ಊರುಗಳಿಗೆ ಅದೇ ನೀರು ಬೇರೊಂದು ಪಾಠವನ್ನೂ ಹೇಳಿತು. ಬರದ ನಾಡು ನೆರೆಯ ವಿಷಯವನ್ನು ಬಲ್ಲುದಾಗಿರಬೇಕು. ತನಗಾಗಿಯೂ, ತನ್ನ ಬಡಗಣದ ನೆರೆಹೊರೆಯವರಿಗಾಗಿಯೂ.

ಹಸಿದವರಿಗೆ ಸಾಮೂಹಿಕವಾಗಿ ಉಣಬಡಿಸುವ ಕಾರ್ಯ ಈ ಸೀಮೆಗೆ ಹೊಸದಲ್ಲ. ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ ೧೮೭೬-೭೮ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತನ್ನ ಪ್ರಜೆಗಳಲ್ಲಿ ಐದನೆಯ ಒಂದು ಪಾಲನ್ನು ಕಳೆದುಕೊಂಡಿತೆಂದು ಅಂದಾಜು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಚಿತ್ರದುರ್ಗದಂತಹ ಒಣ ಸೀಮೆಗೆ ಬಿದ್ದ ಪೆಟ್ಟು ಸಾಮಾನ್ಯವಾದುದಲ್ಲ. ಅಂದು ಸರ್ಕಾರವು ತೆರೆದ ಗಂಜಿಯ ಮನೆಗಳಲ್ಲಿ ಬೇಯಿಸಿದ ಆಹಾರವನ್ನು ಉಣ್ಣಲು, ಜಾತಿ ಕೆಟ್ಟೀತೆಂಬ ಭಯದಿಂದಲೂ ಮಾನ ಹೋದೀತೆಂಬ ಸಂಕೋಚದಿಂದಲೂ, ಅನೇಕರು ಹಿಂಜರಿದರು. ಅನ್ನವಿದ್ದೂ ಉಣ್ಣದೆ ಸತ್ತವರು ಆ ಕಾಲದಲ್ಲಿ ಇದ್ದರೆಂಬುದನ್ನು ನೆನೆದರೆ, ಉಣಬಡಿಸುವ ಕ್ರಮವೂ ಅನ್ನದಷ್ಟೇ ಮುಖ್ಯವೆಂಬುದು ಮನಸ್ಸಿಗೆ ನಾಟುತ್ತದೆ. ಆ ಕ್ಷಾಮದ ಗಂಜಿಯೇ ಮುಂದೆ ‘ಗಂಜಿ ಕೇಂದ್ರ’ ಎಂಬ ಮಾತಾಗಿ ಉಳಿದುಬಂದಿತು. ೨೦೦೯ರ ನೆರೆಯಲ್ಲಿಯೂ ಆಶ್ರಯಸ್ಥಾನಗಳಿಗೆ ಜನ ಇಟ್ಟ ಹೆಸರು ಅದೇ. ತರುವಾಯ ‘ಪರಿಹಾರ ಕೇಂದ್ರ’ವೆಂದೂ ಈಚಿನ ವರ್ಷಗಳಲ್ಲಿ ‘ಕಾಳಜಿ ಕೇಂದ್ರ’ವೆಂದೂ ಕರೆಯುವುದು ರೂಢಿಗೆ ಬಂದಿದೆ. ಹೆಸರು ಬದಲಾದುದು ಒಳ್ಳೆಯದೇ. ಗಂಜಿಗೆ ಬಂದವನು ಎಂಬ ಮಾತಿನಲ್ಲಿ ಇದ್ದ ಕೀಳರಿಮೆ ಅದರಲ್ಲಿಲ್ಲ.

ಬರಗಾಲದ ಅಡುಗೆಗೂ ನೆರೆಯ ಅಡುಗೆಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯತಕ್ಕದ್ದು. ಬರವು ಮೆಲ್ಲಗೆ ಬರುತ್ತದೆ. ಮಳೆ ಹಿಂಗುತ್ತದೆ, ಕಣಜ ಬರಿದಾಗುತ್ತದೆ, ದನ ಮಾರಿಹೋಗುತ್ತವೆ. ಊಟಕ್ಕಿಲ್ಲವೆಂಬ ಸ್ಥಿತಿ ತಿಂಗಳುಗಳ ಮೊದಲೇ ಕಣ್ಣಿಗೆ ಕಾಣುತ್ತದೆ. ಆಗ ಒಲೆಯಿದೆ, ಸೌದೆಯಿದೆ, ಪಾತ್ರೆಯಿದೆ, ಕೂರಲು ಒಣ ನೆಲವಿದೆ. ಇಲ್ಲದಿರುವುದು ಕಾಳು ಮತ್ತು ನೀರು. ನೆರೆಯಾದರೋ ಒಂದು ರಾತ್ರಿಯಲ್ಲಿ ಬರುತ್ತದೆ. ಸಂಜೆ ಉಂಡು ಮಲಗಿದ ರೈತ ಬೆಳಗಿನ ಹೊತ್ತಿಗೆ ಉಟ್ಟ ಬಟ್ಟೆಯಲ್ಲಿ ಶಾಲೆಯ ಜಗುಲಿಯ ಮೇಲೆ ಕುಳಿತಿರುತ್ತಾನೆ. ಅವನ ಮನೆಯಲ್ಲಿ ಜೋಳ ಇಲ್ಲವೆಂದಲ್ಲ. ಹಗೇವಿಗೆ ನೀರು ಹೊಕ್ಕು ಜೋಳವೆಲ್ಲ ಊದಿ ಕೊಳೆಯತೊಡಗಿರುತ್ತದೆ. ಸುತ್ತಲೂ ಸಮುದ್ರದಂತೆ ನೀರು, ಕುಡಿಯಲು ಒಂದು ತಂಬಿಗೆಯಿಲ್ಲ. ಸೌದೆ ತೋಯ್ದಿದೆ, ಬೆಂಕಿಪೆಟ್ಟಿಗೆ ತೋಯ್ದಿದೆ, ಒಲೆಯ ಮಣ್ಣು ಕರಗಿದೆ. ಇಂತಹವನಿಗೆ ಅಕ್ಕಿಯ ಚೀಲವನ್ನು ಕೊಟ್ಟರೆ ಅದು ಆ ದಿನ ಅವನಿಗೆ ಭಾರವೇ ಹೊರತು ಆಹಾರವಲ್ಲ. ಬೇರೆ ಕಡೆ, ಒಣ ನೆಲದಲ್ಲಿ, ಬೇಯಿಸಿ ಸಿದ್ಧಪಡಿಸಿದ್ದೇ ಅವನಿಗೆ ಸಲ್ಲಬೇಕು. ಒಣ ಸೀಮೆಯ ಮಠ, ಶಾಲೆ, ಪ್ರಸಾದನಿಲಯಗಳಿಗೆ ಈ ಕಾರ್ಯದಲ್ಲಿ ಒಂದು ಸ್ಥಾನ ಇರುವುದು ಇಲ್ಲಿಯೇ.

೨೦೦೯ರ ಸೆಪ್ಟೆಂಬರ್ ಕೊನೆಯ ದಿನಗಳಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಯನ್ನು ಈ ಮಾತಿಗೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದೇ ವರ್ಷದ ಮುಂಗಾರಿನಲ್ಲಿ ದೇಶಕ್ಕೆ ದೇಶವೇ ಮಳೆಯ ಕೊರತೆಯಿಂದ ಬಳಲಿತ್ತು. ಆಕಾಶ ನೋಡುತ್ತಿದ್ದ ರಾಯಚೂರು, ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ, ಬಳ್ಳಾರಿ ಜಿಲ್ಲೆಗಳ ಮೇಲೆ ಕೆಲವೇ ದಿನಗಳಲ್ಲಿ ಇಡೀ ಋತುವಿನ ಮಳೆ ಬಿದ್ದಂತಾಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮೃತರಾದರು. ಅವರಲ್ಲಿ ಅನೇಕರು ಹೊಳೆಯಲ್ಲಿ ಕೊಚ್ಚಿಹೋದವರಲ್ಲ. ನೆನೆದ ಮಣ್ಣಿನ ಗೋಡೆ, ಮಾಳಿಗೆ ಕುಸಿದು ಅದರಡಿ ಸಿಕ್ಕವರು. ಒಣ ಸೀಮೆಯ ಮನೆಗಳು ಬಿಸಿಲಿಗಾಗಿ ಕಟ್ಟಿದವು, ಜಡಿಮಳೆಗಾಗಿ ಅಲ್ಲ. ಅಕ್ಟೋಬರ್ ೨ರಂದು ತುಂಗಭದ್ರೆಯ ದಡದ ಮಂತ್ರಾಲಯವು ಜಲಾವೃತವಾಗಿ ಯಾತ್ರಿಕರು ಕಟ್ಟಡಗಳ ಮೇಲೇರಿ ನಿಲ್ಲಬೇಕಾಯಿತು. ನಿತ್ಯವೂ ಸಾವಿರಾರು ಜನರಿಗೆ ಅನ್ನ ನೀಡುವ ಕ್ಷೇತ್ರವೇ ಅನ್ನಕ್ಕಾಗಿ ಹೊರಗಿನವರನ್ನು ಎದುರು ನೋಡುವಂತಾದುದು, ಯಾವ ಅಡುಗೆಮನೆಯೂ ಶಾಶ್ವತವಾಗಿ ಸುರಕ್ಷಿತವಲ್ಲವೆಂಬುದನ್ನು ತೋರಿಸಿಕೊಟ್ಟಿತು.

ಹತ್ತು ವರ್ಷಗಳ ಅನಂತರ, ೨೦೧೯ರ ಆಗಸ್ಟ್ ತಿಂಗಳಲ್ಲಿ, ನೀರು ಬೇರೊಂದು ದಾರಿಯಿಂದ ಬಂದಿತು. ಸಹ್ಯಾದ್ರಿಯ ನೆತ್ತಿಯಲ್ಲಿ ಮತ್ತು ಮಹಾರಾಷ್ಟ್ರದಲ್ಲಿ ಬಿದ್ದ ಮಳೆಯಿಂದ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಏಕಕಾಲಕ್ಕೆ ಉಕ್ಕಿದವು. ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್ಕಿಗೂ ಮಿಗಿಲಾದ ನೀರನ್ನು ಬಿಡಬೇಕಾಯಿತು. ಗೋಕಾಕ, ಮುಧೋಳಗಳ ಬೀದಿಗಳಿಗೆ ಘಟಪ್ರಭೆ ಹೊಕ್ಕಳು. ಮಲಪ್ರಭೆಯು ರಾಮದುರ್ಗ, ಬಾದಾಮಿ, ನರಗುಂದ ಭಾಗದ ಊರುಗಳನ್ನು ಮುಳುಗಿಸಿ, ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲಿಯೂ ನಿಂತಳು. ಲಕ್ಷಗಟ್ಟಲೆ ಜನ ಮನೆಬಿಟ್ಟು ಶಾಲೆ, ಕಲ್ಯಾಣಮಂಟಪ, ಮಠಗಳಲ್ಲಿ ತಂಗಿದರು. ಆಗ ಕಂಡ ಒಂದು ದೃಶ್ಯವನ್ನು ನಾಡು ಮರೆತಿಲ್ಲ. ನೀರು ಬಾರದ ಊರುಗಳಲ್ಲಿ ಹೆಣ್ಣುಮಕ್ಕಳು ಮನೆಮನೆಗಳಲ್ಲಿಯೂ ಮಠದ ಅಂಗಳಗಳಲ್ಲಿಯೂ ಸಾಲಾಗಿ ಕುಳಿತು ಜೋಳದ ರೊಟ್ಟಿ ಬಡಿದರು. ರೊಟ್ಟಿಯ ಗಂಟುಗಳು, ಚಟ್ನಿಪುಡಿಯ ಡಬ್ಬಿಗಳು ಲಾರಿ, ಟ್ರ್ಯಾಕ್ಟರುಗಳಲ್ಲಿ ಹೊಳೆಯ ಸಾಲಿಗೆ ಹೋದವು. ಯಾರ ಅಪ್ಪಣೆಯೂ ಇಲ್ಲದೆ ನಡೆದ ಈ ಕೆಲಸದ ಹಿಂದೆ ಒಳ್ಳೆಯ ಮನಸ್ಸಿನೊಡನೆ ಪಕ್ವವಾದ ಅನುಭವವೂ ಇದ್ದಿತು.

ಖಡಕ್ ರೊಟ್ಟಿಯಲ್ಲಿ ನೀರಿನ ಅಂಶ ತೀರ ಕಡಮೆ. ಬುರುಸು, ಅಚ್ಚುಗಳೆಂಬ ಕೆಡುಕಿನ ಜೀವಾಣುಗಳು ಬೆಳೆಯಲು ತೇವ ಬೇಕು. ಒಣಗಿದ ರೊಟ್ಟಿಯಲ್ಲಿ ಅದು ಸಿಗದು. ಆದುದರಿಂದ ಅದು ವಾರಗಳವರೆಗೆ ಕೆಡದೆ ಉಳಿಯುತ್ತದೆ, ಹಗುರವಾಗಿರುತ್ತದೆ, ಬಿಸಿ ಮಾಡಬೇಕಾದುದಿಲ್ಲ, ತಟ್ಟೆ ಬೇಡ. ಜೊತೆಗೆ ಶೇಂಗಾ ಅಥವಾ ಗುರೆಳ್ಳಿನ ಪುಡಿ ಇದ್ದರೆ ಎಣ್ಣೆಯೂ ಸಸಾರಜನಕವೂ ದೊರೆತಂತಾಯಿತು. ಎಣ್ಣೆಯ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಸೀಮೆಗೆ ಶೇಂಗಾಪುಡಿಯ ಬೆಲೆಯನ್ನು ಬೇರೆ ಹೇಳಬೇಕಾದುದಿಲ್ಲ. ಆದರೆ ರೊಟ್ಟಿಗೂ ಒಂದು ನಿಯಮವಿದೆ. ಬಿಸಿಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಹಬೆಯೇ ನೀರಾಗಿ ಎರಡು ದಿನದಲ್ಲಿ ಬೂಸು ಹಿಡಿಯುತ್ತದೆ. ಸಂಪೂರ್ಣವಾಗಿ ಆರಿಸಿ, ಬಟ್ಟೆಯಲ್ಲಿಯೋ ಕಾಗದದಲ್ಲಿಯೋ ಸುತ್ತಿ ಕಳುಹಿಸುವುದು ಹಳ್ಳಿಯ ಹಿರಿಯರಿಗೆ ತಿಳಿದ ವಿಷಯ; ಅವಸರದ ಯುವಕರಿಗೆ ಹೇಳಿಕೊಡಬೇಕಾಗುತ್ತದೆ. ಮಲೆನಾಡಿನ ತಂಪು ಹವೆಯಲ್ಲಿ ಇದೇ ರೊಟ್ಟಿ ಬೇಗ ಮೆತ್ತಗಾಗುತ್ತದೆ. ಮೇಲಾಗಿ ಅನ್ನ, ಕಡುಬು ಉಂಡು ಬೆಳೆದ ಕೊಡಗಿನ ಮುದುಕರಿಗೆ ಅದನ್ನು ಅಗಿಯುವುದೇ ಕಷ್ಟ. ೨೦೧೮ರ ಆಗಸ್ಟಿನಲ್ಲಿ ಕೊಡಗು ನೆರೆ ಮತ್ತು ಭೂಕುಸಿತಗಳಿಗೆ ತುತ್ತಾದಾಗ ನಾಡಿನ ಮೂಲೆಮೂಲೆಗಳಿಂದ ಪದಾರ್ಥಗಳು ಹರಿದುಬಂದವು. ಅಂತಹ ಸಮಯದಲ್ಲಿ ಕಳುಹಿಸುವವನ ರುಚಿಯನ್ನಲ್ಲ, ಉಣ್ಣುವವನ ರೂಢಿಯನ್ನು ಕೇಳಿ ತಿಳಿಯುವುದು ಮೊದಲ ಕರ್ತವ್ಯ.

ರೊಟ್ಟಿ ತಯಾರಾಗುವುದಕ್ಕೂ ಸಮಯ ಬೇಕು. ಮೊದಲ ಕೆಲವು ಗಂಟೆಗಳಿಗೆ ಮಂಡಕ್ಕಿ, ಅವಲಕ್ಕಿ, ಹುರಿಗಡಲೆ, ಬೆಲ್ಲ, ಬಾಳೆಹಣ್ಣುಗಳಿಗಿಂತ ಉತ್ತಮವಾದುದು ಬೇರಿಲ್ಲ. ಇವುಗಳಿಗೆ ಬೆಂಕಿಯ ಹಂಗಿಲ್ಲ. ಬೇಯಿಸಿದ ಅಡುಗೆಯ ಪ್ರಶ್ನೆ ಬರುವುದು ತರುವಾಯ, ಅದರಲ್ಲಿಯೇ ತಪ್ಪುಗಳು ಹೆಚ್ಚು. ಜಾತ್ರೆಯ ದಾಸೋಹದಲ್ಲಿ ಅನುಭವ ಪಡೆದ ಸ್ವಯಂಸೇವಕರು ನೆರೆಗೂ ಅದೇ ಅಡುಗೆಯನ್ನು ಮಾಡಲು ಹೊರಡುವುದುಂಟು. ಜಾತ್ರೆಯಲ್ಲಿ ಕೊಪ್ಪರಿಗೆಯಿಂದ ಎತ್ತಿದ ಅನ್ನ ಕ್ಷಣದಲ್ಲಿ ಎಲೆಯ ಮೇಲೆ ಬೀಳುತ್ತದೆ; ನೆರೆಯಲ್ಲಿ ಅದು ಲಾರಿ ಹತ್ತಿ, ದೋಣಿ ಹತ್ತಿ, ಉಣ್ಣುವವನ ಕೈ ಸೇರುವುದಕ್ಕೆ ಐದಾರು ಗಂಟೆಗಳಾಗಬಹುದು. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಒಂದು ಬಗೆಯ ಜೀವಾಣುವಿನ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಅನ್ನವು ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಅವು ಮೊಳೆತು ನಂಜನ್ನು ಉಂಟುಮಾಡುತ್ತವೆ. ಆ ನಂಜು ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ವಾಂತಿಭೇದಿ ಹಿಡಿದವನಿಗೆ ನೆರೆಯ ಊರಿನಲ್ಲಿ ಆಸ್ಪತ್ರೆ ಎಲ್ಲಿದೆ? ಹೊಟ್ಟೆ ತುಂಬಿಸಲು ಹೋದ ಕೈಯಿಂದಲೇ ಹಾನಿಯಾದೀತು.

ಇದಕ್ಕೆ ಪರಿಹಾರ ಅಡುಗೆಯ ಆಯ್ಕೆಯಲ್ಲಿಯೇ ಇದೆ. ದೂರ ಹೋಗಬೇಕಾದ ಅನ್ನಕ್ಕೆ ಹುಣಿಸೆಯ ಗೊಜ್ಜು ಕಲಸಬೇಕು. ಹುಳಿಯು ಕೆಡುಕನ್ನು ತಡೆಯುತ್ತದೆಂದೇ ಪ್ರಯಾಣದ ಬುತ್ತಿಗೆ ಹಿಂದಿನವರು ಹುಳಿಯನ್ನವನ್ನು ಗೊತ್ತುಮಾಡಿದ್ದರು. ತೆಂಗಿನಕಾಯಿ ಹಾಕಿದ ಚಟ್ನಿ, ಹಸಿ ಈರುಳ್ಳಿಯ ಕೋಸಂಬರಿ, ಹಾಲಿನ ಪಾಯಸಗಳನ್ನು ಕಟ್ಟಿ ಕಳುಹಿಸಬಾರದು. ಅನ್ನವನ್ನು ಬಸಿದ ಮೇಲೆ ಆಳವಾದ ಹಂಡೆಯಲ್ಲಿ ಒತ್ತಿ ತುಂಬದೆ, ಶುಭ್ರವಾದ ಬಟ್ಟೆ ಅಥವಾ ಅಗಲವಾದ ತಟ್ಟೆಗಳ ಮೇಲೆ ಹರವಿ ಬೇಗ ಆರಿಸಬೇಕು. ಬಿಸಿಯಾಗಿಯೇ ಬಡಿಸುವುದಾದರೆ ಒಲೆಯಿಂದ ಇಳಿಸಿದ ಕೂಡಲೇ ಬಡಿಸಬೇಕು. ಉಗುರುಬೆಚ್ಚಗೆ ಕಾಯ್ದಿಡುವುದೇ ಅಪಾಯ. ಪೊಟ್ಟಣದ ಮೇಲೆ ಕಟ್ಟಿದ ಗಂಟೆಯನ್ನೂ ಎಷ್ಟು ಹೊತ್ತಿನೊಳಗೆ ಉಣ್ಣಬೇಕೆಂಬುದನ್ನೂ ಬರೆಯುವುದು ಶಾಲೆಯ ಮಕ್ಕಳು ಮಾಡಬಹುದಾದ, ಮಾಡಲೇಬೇಕಾದ ಸೇವೆ.

ಪ್ರಮಾಣದ ಲೆಕ್ಕವನ್ನು ಉಪಾಧ್ಯಾಯರು ಚೆನ್ನಾಗಿ ಬಲ್ಲರು. ೨೦೦೨ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಪ್ರಾರಂಭವಾಗಿ ಮುಂದಿನ ವರ್ಷ ಇತರೆಡೆಗೂ ವಿಸ್ತರಿಸಿದ ಅಕ್ಷರ ದಾಸೋಹದಲ್ಲಿ ಕಿರಿಯ ಮಗುವಿಗೆ ೧೦೦ ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ ೧೫೦ ಗ್ರಾಂ ಧಾನ್ಯವೆಂದು ಗೊತ್ತುಪಡಿಸಲಾಗಿದೆ. ಈ ಅಳತೆಯೇ ನೆರೆಯ ಅಡುಗೆಗೂ ಆಧಾರವಾಗಬಲ್ಲುದು. ಮಕ್ಕಳು, ಮುದುಕರು, ದುಡಿಯುವವರು ಕೂಡಿದ ನೂರು ಜನರ ಒಂದು ಹೊತ್ತಿನ ಊಟಕ್ಕೆ ೧೨ ಕಿಲೋ ಅಕ್ಕಿ, ಸಾರಿಗೆ ೩ ಕಿಲೋ ತೊಗರಿಬೇಳೆ ಎಂದು ಹಿಡಿದರೆ ಕೊರತೆ ಬೀಳದು. ಸಾವಿರ ಜನಕ್ಕೆ ಅದರ ಹತ್ತರಷ್ಟು. ಒಂದು ಕಿಲೋ ಅಕ್ಕಿ ಬೆಂದಾಗ ಸುಮಾರು ಮೂರು ಕಿಲೋ ಅನ್ನವಾಗುವುದರಿಂದ ೧೨೦ ಕಿಲೋ ಅಕ್ಕಿಯ ಅನ್ನ ಮೂರೂವರೆ ಕ್ವಿಂಟಲಿನಷ್ಟು ತೂಗುತ್ತದೆ. ಹೊರುವ ಕೈಗಳನ್ನೂ ವಾಹನವನ್ನೂ ಆ ತೂಕಕ್ಕೆ ಸರಿಯಾಗಿ ಹೊಂದಿಸಬೇಕು. ಆಪತ್ತಿಗೆ ಸಿಕ್ಕವರಿಗೆ ದಿನಕ್ಕೆ ತಲೆಗೆ ೨೧೦೦ ಕ್ಯಾಲೊರಿ ದೊರೆಯಬೇಕೆಂಬುದು ಜಗತ್ತಿನ ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿರುವ ಮಾನ. ಎರಡು ಹೊತ್ತು ಬರಿಯ ಚಿತ್ರಾನ್ನ ಕೊಟ್ಟರೆ ಆ ಮಾನ ಮುಟ್ಟುವುದಿಲ್ಲ. ಬೇಳೆ, ಎಣ್ಣೆ, ಶೇಂಗಾ ಸೇರಲೇಬೇಕು.

ನೀರಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಮುಳುಗಿದ ಬಾವಿ, ಕೊಳವೆಬಾವಿಗಳ ನೀರು ತಿಳಿಯಾಗಿ ಕಂಡರೂ ಅದರಲ್ಲಿ ಕೊಟ್ಟಿಗೆಯ, ಬಚ್ಚಲಿನ ಹೊಲಸು ಬೆರೆತಿರುತ್ತದೆ. ಹದವಾಗಿ ಬ್ಲೀಚಿಂಗ್ ಪುಡಿ ಹಾಕಿದ ಮೇಲೂ ಅರ್ಧ ಗಂಟೆ ಬಿಡದೆ ಅದನ್ನು ಬಳಸಬಾರದು. ಕುಡಿಯುವುದಕ್ಕೆ ಕುದಿಸಿ ಆರಿಸಿದ್ದೇ ಲೇಸು. ಅಡುಗೆಯವರು ಕೈ ತೊಳೆಯಲು ಸಾಬೂನು, ತಟ್ಟೆ ಪಾತ್ರೆಗಳನ್ನು ತೊಳೆಯಲು ಬೇರೆಯಾದ ನೀರು ಇರತಕ್ಕದ್ದು. ನೀರು ಕಡಮೆಯಿದ್ದರೆ ಮುತ್ತುಗದ ಎಲೆ ಉತ್ತಮ. ತೊಳೆಯುವ ಕೆಲಸವೇ ಇಲ್ಲ, ಗೊಬ್ಬರದ ಗುಂಡಿಗೆ ಹಾಕಿದರೆ ಮಣ್ಣಾಗುತ್ತದೆ. ಭೇದಿ ಕಾಣಿಸಿಕೊಂಡವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿ ಕುಡಿಸುವ ವಿಧಾನವನ್ನು ಅಡುಗೆಮನೆಯ ಪ್ರತಿಯೊಬ್ಬರೂ ಕಲಿತಿರಬೇಕು. ಹಸುಗೂಸುಗಳಿರುವ ಕೇಂದ್ರಗಳಿಗೆ ಹಾಲಿನ ಪುಡಿಯ ಡಬ್ಬಿ, ಸೀಸೆಗಳನ್ನು ದಾನಿಗಳು ಕನಿಕರದಿಂದ ಕಳುಹಿಸುತ್ತಾರೆ. ಹೊಲಸು ನೀರಿನಲ್ಲಿ ಕಲಸಿದ ಆ ಹಾಲು ಕೂಸಿಗೆ ವಿಷವಾಗುವುದೇ ಹೆಚ್ಚು. ಬಾಣಂತಿಗೆ ಹೊಟ್ಟೆ ತುಂಬ ಬಿಸಿ ಊಟವನ್ನೂ ಮರೆಯಾದ ಒಂದು ಕೋಣೆಯನ್ನೂ ಕೊಟ್ಟರೆ ಕೂಸಿನ ಆಹಾರ ತಾನೇ ಸಿದ್ಧವಾಗುತ್ತದೆ.

ನೆರೆಯ ಅನ್ನದಾಸೋಹದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಕಟವೆಂದರೆ ಕೊರತೆಯಲ್ಲ, ಹಂಚಿಕೆ. ಹೆದ್ದಾರಿಯ ಪಕ್ಕದ ಊರಿಗೆ ಒಂದೇ ಮಧ್ಯಾಹ್ನ ನಾಲ್ಕು ಕಡೆಯ ಊಟ ಬರುತ್ತದೆ. ಕೆಸರಿನ ದಾರಿಯಲ್ಲಿ ಇನ್ನೂ ಮೂರು ಮೈಲಿ ಒಳಗಿರುವ ಕೇರಿಗೆ ಒಂದೂ ಬರುವುದಿಲ್ಲ. ಹೆದ್ದಾರಿಯ ಊರಿನಲ್ಲಿ ಮಿಕ್ಕ ಅನ್ನವನ್ನು ಸಂಜೆ ಗುಂಡಿಗೆ ಸುರಿಯುವಾಗ ಒಳಗಿನ ಕೇರಿಯ ಮಕ್ಕಳು ಹಸಿದು ಮಲಗಿರುತ್ತಾರೆ. ಒಳಕೇರಿಯವರು ಬಹುಮಟ್ಟಿಗೆ ಭೂಮಿಯಿಲ್ಲದವರು, ಕೂಲಿಯವರು ಎಂಬುದನ್ನು ಗಮನಿಸಿದರೆ ಇದು ಬರಿಯ ದಾರಿಯ ತೊಂದರೆಯಾಗಿ ಉಳಿಯುವುದಿಲ್ಲ. ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯನ ಪ್ರಸಂಗ ಎಲ್ಲರಿಗೂ ತಿಳಿದಿದೆ. ಆತನು ಒಂದು ದಿನ ಎಂದಿನ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ; ಹೆಚ್ಚಾದುದನ್ನು ಇದ್ದಲ್ಲಿಗೇ ಹಾಕಿ ಬರುವಂತೆ ಕಳುಹಿಸಿದಳು. ಆ ಕಥೆಯನ್ನು ಸಾಮಾನ್ಯವಾಗಿ ಪಡೆಯುವವನ ಅತಿಯಾಸೆಯ ಮೇಲಿನ ಎಚ್ಚರಿಕೆಯೆಂದು ಹೇಳುತ್ತಾರೆ. ನೀಡುವವನಿಗೂ ಅತಿಯಾಸೆ ಉಂಟು. ಹೆಚ್ಚು ನೀಡಿದೆನೆಂಬ ಹೆಸರಿನ ಆಸೆ. ಲಕ್ಕಮ್ಮನ ಅಳತೆ ಅದಕ್ಕೂ ಅನ್ವಯಿಸುತ್ತದೆ. ಕೊಪ್ಪರಿಗೆಯನ್ನು ಒಲೆಗೆ ಏರಿಸುವ ಮೊದಲು ತಹಶೀಲ್ದಾರರ ಕಚೇರಿಯನ್ನೂ ಆ ಊರಿನ ಪಂಚಾಯಿತಿಯನ್ನೂ ಕೇಳಿ, ಯಾವ ಕೇರಿಯಲ್ಲಿ ಎಷ್ಟು ಜನ, ಈ ಹೊತ್ತಿಗೆ ಬೇರೆ ಯಾರು ತರುತ್ತಿದ್ದಾರೆ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡರೆ ಅರ್ಧ ಅನ್ನ ಉಳಿಯುತ್ತದೆ. ಉಳಿದದ್ದು ಒಳಕೇರಿಗೆ ಮುಟ್ಟುತ್ತದೆ.

ಉಣಬಡಿಸುವ ಕ್ರಮಕ್ಕೆ ಬಂದರೆ, ದಾಸೋಹವೆಂಬ ಮಾತಿನ ಅರ್ಥವೇ ದಾರಿ ತೋರಿಸುತ್ತದೆ. ಇಲ್ಲಿ ನೀಡುವವನು ದಾಸ, ಉಣ್ಣುವವನು ಜಂಗಮಸ್ವರೂಪಿ. ನೆರೆಸಂತ್ರಸ್ತನು ನಿನ್ನೆಯವರೆಗೆ ತನ್ನ ಕಣದಲ್ಲಿ ಬಂದವರಿಗೆಲ್ಲ ಮೊರ ತುಂಬ ಕಾಳು ಹಾಕಿದ ಒಕ್ಕಲಿಗನಾಗಿರಬಹುದು. ಅವನನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ, ಲಾರಿಯ ಮೇಲಿನಿಂದ ಪೊಟ್ಟಣವನ್ನು ಎಸೆಯುವುದು ಅನ್ನದಾನವೆನಿಸದು. ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕಿ, ಸಾಕೇ ಎಂದು ಕೇಳಿ ಬಡಿಸಲು ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಪಂಕ್ತಿ ಒಂದೇ ಇರಬೇಕೆಂಬುದನ್ನು ಮಠದ ಶಾಲೆಗಳಿಗೆ ಹೇಳಬೇಕಾದುದಿಲ್ಲ. ಆದರೂ ೧೮೭೭ರ ಗಂಜಿಮನೆಗಳ ನೆನಪು ಎಲ್ಲ ಕಡೆಯೂ ಅಳಿದಿಲ್ಲವಾದುದರಿಂದ ಬಡಿಸುವವರ ಮುಖ್ಯಸ್ಥನು ಕಣ್ಣಿಟ್ಟಿರುವುದು ಲೇಸು. ಉಣ್ಣುತ್ತಿರುವವರ ಮುಖಕ್ಕೆ ಕ್ಯಾಮರಾ ಹಿಡಿಯುವ ಈಚಿನ ಚಾಳಿಯಂತೂ ಖಂಡನೀಯ. ದಾನಿಗಳಿಗೆ ಲೆಕ್ಕ ಬೇಕು, ನಿಜ. ಅದಕ್ಕೆ ಜಮಾಖರ್ಚಿನ ಪುಸ್ತಕವಿದೆ.

ಎರಡನೆಯ ಅಥವಾ ಮೂರನೆಯ ದಿನದ ಹೊತ್ತಿಗೆ ಇನ್ನೊಂದು ಬದಲಾವಣೆ ಅಗತ್ಯವಾಗುತ್ತದೆ. ಕೇಂದ್ರದಲ್ಲಿರುವ ಹೆಣ್ಣುಮಕ್ಕಳೂ ಗಂಡಸರೂ ಮುಳುಗಿದ ಮನೆಯ ಕಡೆ ನೋಡುತ್ತ ಸುಮ್ಮನೆ ಕುಳಿತಿರುತ್ತಾರೆ. ಸುಮ್ಮನೆ ಕುಳಿತಷ್ಟೂ ದುಃಖ ಹೆಚ್ಚು. ಅವರನ್ನೇ ಅಡುಗೆಮನೆಗೆ ಕರೆದು, ತರಕಾರಿ ಹೆಚ್ಚುವುದು, ಹಿಟ್ಟು ನಾದುವುದು, ಬಡಿಸುವುದನ್ನು ಅವರಿಗೆ ಒಪ್ಪಿಸಿದರೆ ಕೇಂದ್ರದ ವಾತಾವರಣವೇ ಬೇರೆಯಾಗುತ್ತದೆ. ಊಟದ ರುಚಿಯೂ ಅವರ ಊರಿನದಾಗುತ್ತದೆ. ಹೊರಗಿನ ಸ್ವಯಂಸೇವಕರು ಸೌದೆ, ನೀರು, ಸಾಮಾನುಗಳನ್ನು ಒದಗಿಸುತ್ತ ಹಿಂದೆ ಸರಿಯಬೇಕು. ಇದಕ್ಕೆ ಮನಸ್ಸಿನ ಹದ ಬೇಕು. ಕೊಪ್ಪರಿಗೆಯ ಸೌಟನ್ನು ಇನ್ನೊಬ್ಬರ ಕೈಗೆ ಕೊಡುವುದು ಸೇವೆಗೆಂದು ಬಂದ ಉತ್ಸಾಹಿಗಳಿಗೆ ಸುಲಭವಲ್ಲ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ, ನಾಯಕನಹಟ್ಟಿಯ ಸ್ವಾಮಿಗಳ ಹೆಸರಿನಲ್ಲಿ ಈ ಸೀಮೆಯ ಜನರ ನಾಲಗೆಯ ಮೇಲಿರುವ ಮಾತು ಕಾಯಕ ಮತ್ತು ಅನ್ನಗಳ ನಂಟನ್ನೇ ಹೇಳುತ್ತದೆ. ಕೆಲಸ ಮಾಡಿ ಉಂಡ ಅನ್ನ ಸಂತ್ರಸ್ತನಿಗೂ ಸರಾಗವಾಗಿ ಇಳಿಯುತ್ತದೆ.

ಅಡುಗೆಮನೆಯನ್ನು ತೆರೆಯುವುದಕ್ಕಿಂತ ಮುಚ್ಚುವ ಹೊತ್ತನ್ನು ಅರಿಯುವುದು ಕಷ್ಟ. ನೆರೆಯ ಜನ ಬಹುಕಾಲ ತಂಗುವುದು ಶಾಲೆಗಳಲ್ಲಿ. ಕೇಂದ್ರ ಮುಂದುವರಿದಷ್ಟು ದಿನ ಅಲ್ಲಿಯ ಮಕ್ಕಳ ಪಾಠ ನಿಲ್ಲುತ್ತದೆ. ಹಾಗೆಂದು ನೀರು ಇಳಿದ ಮರುದಿನವೇ ಜನರನ್ನು ಕಳುಹಿಸಿದರೆ ಅವರು ಹೋಗುವುದು ಕೆಸರು ತುಂಬಿದ, ಗೋಡೆ ನೆನೆದ ಮನೆಗೆ. ಅಲ್ಲಿ ಒಲೆ ಹೂಡಲು ಒಣ ಜಾಗವಿಲ್ಲ. ಈ ನಡುವಿನ ದಿನಗಳಲ್ಲಿ ಮಧ್ಯಾಹ್ನ ಒಂದು ಹೊತ್ತಿನ ಬೆಂದ ಊಟವನ್ನು ಮುಂದುವರಿಸಿ, ಮನೆ ತೊಳೆಯಲು ಹೋದವರಿಗೆ ಅಲ್ಲಿಯೇ ತಲಪಿಸಿ, ರಾತ್ರಿಗೆ ರೊಟ್ಟಿ, ಪುಡಿಗಳನ್ನು ಕೊಡುವುದು ಅನುಕೂಲ. ಕ್ರಮೇಣ ಬೆಂದ ಊಟವನ್ನು ಇಳಿಸುತ್ತ ದಿನಸಿಯನ್ನು ಹೆಚ್ಚಿಸಬೇಕು. ಒಂದು ಕುಟುಂಬದ ಗಂಟಿನಲ್ಲಿ ಹದಿನೈದು ದಿನಗಳ ಜೋಳದ ಅಥವಾ ಅಕ್ಕಿಯ ಜೊತೆಗೆ ಬೇಳೆ, ಎಣ್ಣೆ, ಉಪ್ಪು, ಖಾರದಪುಡಿ, ಬೆಂಕಿಪೆಟ್ಟಿಗೆ ಇರುವುದು ಸರಿಯೇ. ಆದರೆ ಹಂಚು, ಪಾತ್ರೆ, ತಂಬಿಗೆ, ಒಂದು ಒಲೆ ಇಲ್ಲದಿದ್ದರೆ ಅವೆಲ್ಲ ಚೀಲದಲ್ಲಿಯೇ ಉಳಿಯುತ್ತವೆ. ನೆರೆಯ ನೀರು ಮೊದಲು ಹೊತ್ತೊಯ್ಯುವುದು ಅಡುಗೆಮನೆಯ ಪಾತ್ರೆಗಳನ್ನೇ ಎಂಬುದನ್ನು ದಾನಿಗಳು ಮರೆಯುತ್ತಾರೆ. ರೊಟ್ಟಿಯ ಹಂಚೊಂದನ್ನು ಕೊಟ್ಟರೆ ಆ ಮನೆಗೆ ನೂರು ದಿನದ ಊಟವನ್ನು ಕೊಟ್ಟಂತೆ. ಚಳ್ಳಕೆರೆಯ ಸಂತೆಯಲ್ಲಿ ದೊರೆಯುವ ಕುರಿಯುಣ್ಣೆಯ ಕಂಬಳಿಯೂ ಆ ಗಂಟಿಗೆ ಸೇರಬಹುದಾದ ಯೋಗ್ಯ ವಸ್ತು. ಅದು ತೋಯ್ದರೂ ಬೆಚ್ಚಗಿರುತ್ತದೆ. ತೇವದ ನೆಲಕ್ಕೆ ಹಾಸಲೂ ಬರುತ್ತದೆ.

ಈ ಸೀಮೆಯ ಪ್ರಸಾದನಿಲಯಗಳಲ್ಲಿ ಇದಕ್ಕೆಲ್ಲ ಬೇಕಾದುದು ಬಹುಮಟ್ಟಿಗೆ ಈಗಾಗಲೇ ಇದೆ. ದೊಡ್ಡ ಪಾತ್ರೆಗಳಿವೆ, ನೂರಾರು ಮಕ್ಕಳಿಗೆ ನಿತ್ಯ ಬೇಯಿಸಿ ಪಳಗಿದ ಕೈಗಳಿವೆ, ಹಳೆಯ ವಿದ್ಯಾರ್ಥಿಗಳಲ್ಲಿ ಲಾರಿಯುಳ್ಳವರಿದ್ದಾರೆ, ವೈದ್ಯರಿದ್ದಾರೆ, ಕಂದಾಯ ಇಲಾಖೆಯ ನೌಕರರಿದ್ದಾರೆ. ಇಲ್ಲದಿರುವುದು ಮುಂಚಿತವಾದ ಸಿದ್ಧತೆಯ ಒಂದು ಪಟ್ಟಿ. ಯಾರ ಬಳಿ ಯಾವ ವಾಹನವಿದೆ, ಯಾವ ಊರಿನ ಯಾರು ರೊಟ್ಟಿ ಬಡಿಯಲು ಬರಬಲ್ಲರು, ಎಷ್ಟು ಹಂಡೆಗಳಿಗೆ ಕಲಾಯಿ ಬೇಕಾಗಿದೆ, ಮುತ್ತುಗದ ಎಲೆಯ ಕ‌ಟ್ಟುಗಳು ಎಲ್ಲಿ ದೊರೆಯುತ್ತವೆ ಎಂಬಿವನ್ನು ಪ್ರತಿವರ್ಷ ಮುಂಗಾರಿನ ಮೊದಲು, ಶಾಲೆ ತೆರೆಯುವ ವಾರದಲ್ಲಿ, ಒಬ್ಬ ಉಪಾಧ್ಯಾಯರು ಇಬ್ಬರು ವಿದ್ಯಾರ್ಥಿಗಳೊಡನೆ ಕುಳಿತು ಬರೆದಿಟ್ಟರೆ ಒಂದು ಮಧ್ಯಾಹ್ನದ ಕೆಲಸ. ಪಟ್ಟಿಯ ಒಂದು ಪ್ರತಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿಯೂ ಇನ್ನೊಂದು ಉಗ್ರಾಣದ ಬಾಗಿಲ ಒಳಬದಿಯಲ್ಲಿಯೂ ಇರಲಿ. ಕೇಂದ್ರವನ್ನು ಮುಚ್ಚಿ ಹಿಂದಿರುಗಿದ ದಿನ ಹಂಡೆಗಳನ್ನು ಹುಣಿಸೆಹಣ್ಣು ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ, ಎಣಿಸಿ ಒಳಗಿಟ್ಟು, ಆ ಪಟ್ಟಿಯಲ್ಲಿಯೇ ಗುರುತು ಹಾಕತಕ್ಕದ್ದು.